ಕಾಯುತ್ತಿರುವವರು: ಸೊನ್ನೆ

ಟೋಕನ್ ಯಂತ್ರದ ಗುಂಡಿಯ ಮೇಲಿದ್ದ ನರ್ಸಮ್ಮನ ಬೆರಳನ್ನು ಸೂಪರಿಂಟೆಂಡೆಂಟ್ ಕೆಕ್ಕರಿಸಿ ನೋಡಿದ. ಹೊಸ ಸುಧಾರಣೆಯಂತೆ ಟೋಕನ್ ಕೊಟ್ಟ ಅರ್ಧ ಗಂಟೆಯೊಳಗೆ ವೈದ್ಯರು ರೋಗಿಯನ್ನು ನೋಡಲೇಬೇಕು. ಅದಕ್ಕೆ ಈ ಮಹಾನುಭಾವ ಕಂಡುಕೊಂಡ ಉಪಾಯ, ಟೋಕನ್ನನ್ನೇ ಕೊಡದಿರುವುದು. ರೋಗಿಗಳೆಲ್ಲ ಗೇಟಿನಾಚೆ ಬಿಸಿಲಲ್ಲಿ ಬೇಯುತ್ತಿದ್ದರೆ, ಗೋಡೆಯ ಪರದೆ ‘ಕಾಯುತ್ತಿರುವವರು: ಸೊನ್ನೆ’ ಎಂದು ಬೀಗುತ್ತಿತ್ತು.

“ಸಿಸ್ಟರ್, ಅಪ್ಪನಿಗೆ ಉಸಿರೇ ಸಿಗ್ತಿಲ್ಲ!” ಗೇಟಿನ ಕಂಬಿಗೆ ಮುಖವೊತ್ತಿ ಒಬ್ಬಳು ಚೀರಿದಳು.

“ಮಂತ್ರಿಗಳು ಪರದೆ ನೋಡ್ಕೊಂಡು ಹೋಗ್ಲಿ. ಆಮೇಲೆ ಎಷ್ಟು ಬೇಕೋ ಉಸಿರಾಡ್ಲಿ,” ಎಂದ ಸೂಪರಿಂಟೆಂಡೆಂಟ್.

ನರ್ಸಮ್ಮ ಗುಂಡಿ ಒತ್ತಿದಳು. ಒತ್ತುತ್ತಲೇ ಇದ್ದಳು. ಚೀಟಿಗಳು ಸರಮಾಲೆಯಾಗಿ ನೆಲ ಮುಟ್ಟಿದವು. ಪರದೆಯ ಸೊನ್ನೆ ಎಪ್ಪತ್ತಾಯಿತು. ಮೊದಲ ಚೀಟಿಯನ್ನು ಹರಿದು, ಕಂಬಿಗಳ ನಡುವೆ ಆ ಮಗಳ ಕೈಗಿಟ್ಟು ತಿರುಗಿದಳು.

“ಅರ್ಧ ಗಂಟೆ ಶುರುವಾಯ್ತು ಸಾರ್. ಓಡಿ, ಡಾಕ್ಟರನ್ನ ಕರ್ಕೊಂಡ್ಬನ್ನಿ.”