ಅರ್ಥಿಂಗ್ ಗುಂಡಿ

ವೈರಿಂಗ್ ಮಾಡುವ ಬಾಷಾ ಕಾರಿನ ಚಾರ್ಜರನ್ನು ಗೋಡೆಗೆ ಬಿಗಿದ. ಅರ್ಥಿಂಗ್ ಗುಂಡಿ ತೋಡುವ ಮೊದಲು, ಆ ಕೆಲಸದವರೆಲ್ಲರಂತೆ, ಕಿವಿಗೆ ಹತ್ತಿ ತುರುಕಿಕೊಂಡ. ಹಾರೆ ತಗುಲಿದಷ್ಟು ಸಲವೂ ನೆಲ ತನ್ನ ಮೇಲೆ ಆಡಿದ ಹಳೆಯ ಮಾತನ್ನು ಒಪ್ಪಿಸುತ್ತದೆ. ಕಂಡವರ ಮನೆಯ ಮಾತು ಅವನಿಗೇಕೆ?

“ಗೇಟ್ ಹತ್ರ ಬೇಡ ಕಣೇ, ಹಿತ್ತಲಲ್ಲಿ ತೋಡಿಸು” ಎಂದು ಅಕ್ಕ ಕುಸುಮ ಬೆಳಗಿನಿಂದ ಗೋಗರೆದಿದ್ದಳು. ಸುಗುಣ ಕೇಳಲಿಲ್ಲ. ಅಕ್ಕ ಕೊಟ್ಟ ಹತ್ತಿಯನ್ನೂ ಕಿವಿಗಿಡದೆ ಮುಷ್ಟಿಯಲ್ಲೇ ಹಿಡಿದಿದ್ದಳು. ತೀರಿಹೋದ ಅಪ್ಪನ ದನಿ ಕೇಳುವ ಆಸೆ ಅವಳಿಗೆ.

ಮೊದಲು ನಿನ್ನೆಯ ಸೊಪ್ಪಿನ ಚೌಕಾಸಿ ಬಂತು. ಮೊಣಕಾಲುದ್ದ ಅಗೆದಾಗ ಅಪ್ಪನ ಕೆಮ್ಮು ಬಂತು; ಅವಳ ಕಣ್ಣು ತುಂಬಿತು. ಅದರ ಕೆಳಗೆ, ಮಾತು ಕೊಟ್ಟು ಬರಲೇ ಇಲ್ಲವೆಂದು ಅವಳು ಇಷ್ಟು ವರ್ಷ ಶಪಿಸಿದ್ದ ಚಿದಾನಂದನ ದನಿ: “ಸುಗುಣನ್ನ ಕೇಳೋಕೆ ಬಂದಿದೀನಿ.”

ಹಿಂದೆಯೇ ಅಕ್ಕನ ದನಿ: “ಅವಳಿಗೆ ಬೇರೆ ಕಡೆ ನಿಶ್ಚಯ ಆಯ್ತು. ಇನ್ನು ಈ ಕಡೆ ಬರ್ಬೇಡಿ.”

ಆವತ್ತು ಇದೇ ಅಕ್ಕ ಅವಳ ತಲೆ ನೇವರಿಸಿ, “ಅಂಥವನಿಗೋಸ್ಕರ ಅಳ್ಬೇಡ್ವೇ, ನಾನಿಲ್ವಾ” ಎಂದಿದ್ದಳು.

ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಕುಸುಮ ಕಾಫಿ ತಂದಳು. “ಮುಗೀತೇನೇ?”

ಸುಗುಣ ಅಕ್ಕನ ಎರಡೂ ಕಿವಿಯ ಹತ್ತಿಯನ್ನು ಮೆಲ್ಲಗೆ ಹೊರತೆಗೆದಳು. ಆಮೇಲೆ ಬಾಷಾನ ಕೈಯಿಂದ ಹಾರೆ ಕಿತ್ತುಕೊಂಡು ಅದೇ ಜಾಗಕ್ಕೆ ಇನ್ನೊಮ್ಮೆ ಹಾಕಿದಳು.