ಸೊನ್ನೆ ಕೇಕು

ಊಟದ ಮೇಜಿನಿಂದ ಎದ್ದ ದರ್ಜಿಯ ಜೊತೆ ಅವನ ಪ್ಯಾಂಟು ಏಳಲಿಲ್ಲ. ಸೊಂಟದಿಂದ ಜಾರಿ ಸೀದಾ ಪಾದದ ಮೇಲೆ ಹೋಗಿ ಕುಳಿತಿತು. ಇಷ್ಟು ವರ್ಷ ಊರಿನವರ ಮಾನ ಮುಚ್ಚಿಕೊಂಡು ಬಂದವನು ಈಗ ಬರೀ ಚಡ್ಡಿಯಲ್ಲಿ, ಕೈಯಲ್ಲೊಂದು ಚಮಚ ಹಿಡಿದು ಹೆಂಡತಿಯ ಎದುರು ನಿಂತಿದ್ದ.

ನಗುತ್ತಾಳೆ ಅಂದುಕೊಂಡ. ಅವಳು ನಗಲಿಲ್ಲ. ಮಂಡಿಯೂರಿ ಪ್ಯಾಂಟನ್ನು ಮೇಲೆತ್ತಿ, ಸೊಂಟದ ಪಟ್ಟಿಯೊಳಗೆ ಕೈ ಹಾಕಿ ನೋಡಿದಳು. ಇಡೀ ಮುಷ್ಟಿ ಹಿಡಿಸಿತು. ಅವಳ ಮುಖ ಬಿಳಿಚಿಕೊಂಡಿತು.

"ಹೋದ ವಾರ ಎರಡೇ ಬೆರಳು ಹಿಡಿಸ್ತಿತ್ತು ರೀ. ಒಂದೇ ವಾರದಲ್ಲಿ ಇಷ್ಟೊಂದು ಇಳಿದುಹೋದ್ರಾ?"

ಎಡವಟ್ಟಾದದ್ದು ಅಲ್ಲೇ. ಬೊಜ್ಜು ಕರಗಿಸದಿದ್ದರೆ ಹೃದಯ ಕೈಕೊಡುತ್ತದೆ ಎಂದು ಡಾಕ್ಟರು ಹೆದರಿಸಿದಂದಿನಿಂದ ಹೆಂಡತಿ ಕ್ಯಾಲೊರಿಯೇ ಇಲ್ಲದ ತಿಂಡಿಗಳನ್ನು ತಂದು ಮನೆಯಲ್ಲಿ ಸುರಿದಿದ್ದಳು. ಗಂಡನಿಗೆ ಕೇಕು ಅಂದರೆ ಪ್ರಾಣವೆಂದು ಸೊನ್ನೆ ಕೇಕು, ಜಾಮ್ ಅಂದರೆ ಇಷ್ಟವೆಂದು ಸೊನ್ನೆ ಜಾಮ್, ಕೊನೆಗೆ ರುಚಿಯೂ ಇಲ್ಲದ, ವಾಸನೆಯೂ ಇಲ್ಲದ ಸೊನ್ನೆ ನೂಡಲ್ಸ್. ಕೇಕು ಕಚ್ಚಿದರೆ ಅವನಿಗೆ ಕೋಟಿನ ಭುಜಕ್ಕೆ ತುಂಬುವ ಸ್ಪಂಜು ನೆನಪಾಗುತ್ತಿತ್ತು. ಸ್ಪಂಜಾದರೂ ಹಲ್ಲಿಗೆ ಒಂದಿಷ್ಟು ಕೆಲಸ ಕೊಟ್ಟೀತು. ಆದರೆ ಎದುರಿಗೆ ಕುಳಿತ ಹೆಂಡತಿ ಕಣ್ಣರಳಿಸಿ "ಚೆನ್ನಾಗಿದೆ ಅಲ್ವಾ?" ಎಂದರೆ ಇಲ್ಲ ಎನ್ನುವ ಎದೆಗಾರಿಕೆ ಅವನಿಗಿರಲಿಲ್ಲ. ತಲೆಯಾಡಿಸಿ ನುಂಗುತ್ತಿದ್ದ. ಸಂಜೆ ತನ್ನ ಅಂಗಡಿಯ ಎದುರಿನ ಬೇಕರಿಗೆ ಹೋಗಿ, ಬೆಣ್ಣೆ ಸುರಿಯುವ ಕೇಕು ತಿಂದು ಬಾಯಿ ಶುದ್ಧ ಮಾಡಿಕೊಳ್ಳುತ್ತಿದ್ದ.

ಭಾನುವಾರ ಭಾನುವಾರ ಪರೀಕ್ಷೆ. ತೂಕದ ಯಂತ್ರವನ್ನು ನಂಬುವವಳಲ್ಲ ಅವಳು. ದರ್ಜಿಯ ಹೆಂಡತಿ, ಬಟ್ಟೆಯನ್ನು ನಂಬುತ್ತಿದ್ದಳು. ಅದೇ ಬೂದು ಪ್ಯಾಂಟು ಹಾಕಬೇಕು, ಬೆಲ್ಟು ಕೂಡದು. ಅದನ್ನು ಗೆಲ್ಲುವುದು ದರ್ಜಿಗೆ ಎಡಗೈ ಕೆಲಸ. ಇಸ್ತ್ರಿಯ ನೆಪದಲ್ಲಿ ಪ್ಯಾಂಟನ್ನು ಅಂಗಡಿಗೆ ಒಯ್ದು, ಹಿಂಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ತುಸು ಸಡಿಲ ಬಿಟ್ಟು ಮತ್ತೆ ಹೊಲಿದು ತರುತ್ತಿದ್ದ. ಈ ವಾರ ಆ ಮಡಚಿಟ್ಟ ಬಟ್ಟೆಯೂ ಮುಗಿದಿತ್ತು. ಅದೇ ಬಣ್ಣದ ಒಂದು ಪಟ್ಟಿ ಸೇರಿಸಿದ. ಬಾಯಲ್ಲಿ ಕೇಕು, ಕೈಯಲ್ಲಿ ಕತ್ತರಿ, ಪಟ್ಟಿ ಅಗಲವಾಗಿಬಿಟ್ಟಿತು. ಅತಿ ಆಸೆ ಗತಿಗೇಡು ಎಂಬ ಮಾತು ಪ್ಯಾಂಟಿಗೂ ಸಲ್ಲುತ್ತದೆಂದು ಅವನಿಗೆ ಹೊಳೆದಿರಲಿಲ್ಲ.

"ನಾನು ಗುಂಡುಕಲ್ಲಿನ ಹಾಗಿದ್ದೀನಿ ಕಣೇ. ಮುಖ ನೋಡು, ಎಷ್ಟು ತುಂಬ್ಕೊಂಡಿದೆ!"

"ತುಂಬ್ಕೊಂಡಿರೋದಲ್ಲ, ಅದು ಊದ್ಕೊಂಡಿರೋದು! ನಮ್ಮಪ್ಪನಿಗೂ ಹೀಗೇ ಆಗಿತ್ತು. ಮೊದಲು ಪ್ಯಾಂಟು ಸಡಿಲ ಆಯ್ತು, ಆಮೇಲೆ ಉಂಗುರ ಜಾರ್ತು, ಆಮೇಲೆ..." ಮುಂದೆ ಹೇಳಲಾಗದೆ ತೋಳಿನಿಂದ ಕಣ್ಣೊರೆಸಿಕೊಂಡಳು. "ನಾನೇ ನಿಮ್ಮನ್ನ ಉಪವಾಸ ಕೆಡವಿಬಿಟ್ಟೆ."

ಅವನು ಬಾಯಿ ತೆರೆಯುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟೇಹೋದಳು. ಮರಳಿ ಬಂದಾಗ ಅವಳ ಕೈಯಲ್ಲಿ ಅದೇ ಬೇಕರಿಯ ಡಬ್ಬ! ಟವೆಲು ಸುತ್ತಿಕೊಂಡು ಕುಳಿತಿದ್ದ ದರ್ಜಿ ದಡಬಡಿಸಿ ಎದ್ದು ನಿಂತ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆದರೆ ಬೇಕರಿಯವ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ದಿನಾ ಬರುವ ಗಿರಾಕಿಯನ್ನು ಯಾರು ಕಳೆದುಕೊಳ್ಳುತ್ತಾರೆ?

"ನಾಳೆ ಆಸ್ಪತ್ರೆಗೆ ಹೋಗೋಣ. ಈಗ ಇದನ್ನ ತಿನ್ನಿ. ಹೊಟ್ಟೆ ತುಂಬಾ ತಿನ್ನಿ."

ಅಸಲಿ ಕೇಕು. ಬೆಣ್ಣೆ, ಕೆನೆ, ಮೇಲೆ ಚಾಕಲೇಟು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ತೆಪ್ಪಗೆ ತಿನ್ನಬಹುದಿತ್ತು. ಒಂದು ಚಮಚ ಬಾಯಿಗಿಟ್ಟ. ಅವಳು ಅಳು ನುಂಗಿಕೊಂಡು, ಇನ್ನೆಷ್ಟು ದಿನ ಕಾಣುತ್ತದೋ ಈ ಮುಖ ಎನ್ನುವಂತೆ ನೋಡುತ್ತಿದ್ದಳು. ಅವನು ಚಮಚ ಕೆಳಗಿಟ್ಟ. ಇವಳನ್ನು ಅಳಿಸಿ ತಿನ್ನುವುದಕ್ಕಿಂತ ಆ ಸ್ಪಂಜೇ ವಾಸಿ ಅನ್ನಿಸಿತು.

"ಪ್ಯಾಂಟು ಬಿಚ್ಚಿ ಹೊಲಿದದ್ದು ನಾನೇ ಕಣೇ. ವಾರವಾರವೂ. ಒಂದು ಗುಲಗಂಜಿಯಷ್ಟೂ ಇಳಿದಿಲ್ಲ ನಾನು. ದಿನಾ ಸಂಜೆ ಇದೇ ಬೇಕರಿ, ಇದೇ ಕೇಕು."

ಅವಳು ಕುರ್ಚಿಯ ಮೇಲಿದ್ದ ಪ್ಯಾಂಟಿನ ಒಳಮೈ ಹೊರಗೆ ಮಾಡಿ, ಅವನು ಸೇರಿಸಿದ್ದ ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಹಾಗಾದ್ರೆ ನೀವು ಸಾಯಲ್ಲ?"

"ಪ್ಯಾಂಟಿನಿಂದ ಅಂತೂ ಇಲ್ಲ."

ಪ್ಯಾಂಟು ಅವನ ಮುಖಕ್ಕೆ ಬಂದು ಬಡಿಯಿತು. ಅದನ್ನು ಸರಿಸಿ ನೋಡುವಷ್ಟರಲ್ಲಿ ತಟ್ಟೆ ಅವಳ ಕಡೆ ಹೋಗಿತ್ತು, ಚಮಚವೂ. ಬಾಯಿ ತುಂಬಾ ಕೇಕು ತುಂಬಿಕೊಂಡು ಅವಳು ಕಣ್ಣು ಮುಚ್ಚಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ನಿಮ್ಮೊಬ್ಬರಿಗೇ ಆ ಹಾಳು ಹತ್ತಿ ಉಂಡೆ ತಿನ್ನಿಸೋಕೆ ಮನಸ್ಸು ಬರದೆ, ಇಷ್ಟು ದಿನ ಬಾಯಿ ಕಟ್ಟಿ ನಾನೂ ಅದನ್ನೇ ತಿಂದೆ."

"ನೀನೇ ಚೆನ್ನಾಗಿದೆ ಅಂತಿದ್ಯಲ್ಲೇ?"

"ನೀವು ತಲೆ ಆಡಿಸ್ತಿದ್ರಲ್ಲ!"

ಕೆನೆಯನ್ನೂ ಬಿಡದೆ ತಟ್ಟೆ ಬಳಿದಳು. ಅವನಿಗೊಂದು ಚೂರೂ ಕೊಡಲಿಲ್ಲ. ಅವನು ಕೇಳಲೂ ಇಲ್ಲ. ಅವನು ಅವಳ ಅಂಗಿಯನ್ನೇ ನೋಡುತ್ತಿದ್ದ. ಅವನೇ ಅಳತೆ ತೆಗೆದು, ಮೈಗೆ ಹಿಡಿದಂತೆ ಹೊಲಿದುಕೊಟ್ಟ ಅಂಗಿ ಈಗ ಭುಜದಿಂದ ಜಾರುತ್ತಿತ್ತು. ಅದರ ಹೊಲಿಗೆಯನ್ನು ಯಾರೂ ಬಿಚ್ಚಿರಲಿಲ್ಲ.