ಟ್ರೇಲರಿನ ಮೊದಲ ಸುತ್ತು

ಮಸ್ತಾನ್ ಸಾಬರು ತಮ್ಮ ವೆಲ್ಡಿಂಗ್ ಷೆಡ್ಡಿನಲ್ಲಿ ತಾವೇ ಕಟ್ಟಿದ ಹೊಸ ಟ್ರೇಲರಿನ ಮೇಲೆ ಹತ್ತಿ, ತಮ್ಮ ವಯಸ್ಸನ್ನೂ ಮರೆತು ಧಡಧಡ ಕುಣಿದರು. ಕಬ್ಬಿಣದ ತಳ ಒಂದಿಷ್ಟೂ ಬಾಗಲಿಲ್ಲ.

"ನೋಡು ಪಾತಣ್ಣ, ಎರಡು ಆಕ್ಸಲ್ ಐತೆ. ಜಾಲಿ ಸೌದೆ ಏನು, ಮೊಳಕಾಲ್ಮೂರಿನ ಗುಡ್ಡಾನೇ ಕಿತ್ತು ಹೇರು. ಏನೂ ಆಗಲ್ಲ."

ಪಾತಣ್ಣ ಟ್ರೇಲರನ್ನು ನೋಡಲಿಲ್ಲ, ಅಕ್ಕನ ಮುಖ ನೋಡಿದ. ಕರಿಯಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ ಅದರ ಸುತ್ತ ಒಮ್ಮೆ ಬಂದಳು. ಟ್ರಾಕ್ಟರಿಗೆ ಸಿಕ್ಕಿಸುವ ಕೊಂಡಿಯ ಹತ್ತಿರ ಅವಳ ಕಾಲು ನಿಂತಿತು. ಕೊಂಡಿಯೊಳಗಿನ ಪಿನ್ನನ್ನು ಬೆರಳಲ್ಲಿ ಅಲುಗಾಡಿಸಿ, ಕೈ ಒರೆಸಿಕೊಂಡಳು.

"ಚೆನ್ನಾಗೈತೆ. ತಗಾ."

"ಹತ್ತಿ ಕೂತು ನೋಡಕ್ಕಾ ಒಂದ್ಸಲ."

"ಸೌದೆ ಹೇರಾಕಲ್ಲವಾ ತಗಳ್ಳೋದು? ನಾನ್ಯಾಕೆ ಹತ್ಲಿ?"

ಬೆಳಗಿನಿಂದ ಚಳ್ಳಕೆರೆಯ ಯಾವ ಷೆಡ್ಡಿಗೆ ಹೋದರೂ ಅವಳದು ಇದೇ ಮಾತು. ಹೋದ ವರ್ಷ ಹಳೆಯ ಟ್ರೇಲರಿನ ಪಿನ್ನು ಇಳಿಜಾರಿನಲ್ಲಿ ಮುರಿದಿತ್ತು. ಹೇರಿನ ಮೇಲೆ ಕೂತಿದ್ದ ಕರಿಯಕ್ಕ ಉರುಳಿ, ಅದೇ ಸೌದೆಯ ಅಡಿಗೆ ಸಿಕ್ಕಿಕೊಂಡಿದ್ದಳು. ಭುಜದ ಮೂಳೆ ಕೂಡಿಕೊಂಡಿತು, ಭಯ ಮಾತ್ರ ಹೋಗಲಿಲ್ಲ. ಸೌದೆ ಕಡಿಯುವುದನ್ನು ಅವಳು ಬಿಡಲಿಲ್ಲ. ಆದರೆ ರೇಷ್ಮೆ ನೂಲಿಗೆ ಬಣ್ಣ ಕುದಿಸುವ ಮೊಳಕಾಲ್ಮೂರಿನ ಒಲೆಗಳಿಗೆ ಸೌದೆ ಹೊರಟಾಗಲೆಲ್ಲ ಟ್ರೇಲರಿನ ಹಿಂದೆ ನಡೆದೇ ಬರುತ್ತಿದ್ದಳು. ಬಸ್ಸಿಗೆ ಬಾ ಎಂದರೆ, "ನಿನ್ನೊಬ್ಬನ್ನೇ ಆ ಟ್ರೇಲರ್ ಜೊತೆ ಬಿಟ್ಟು ಬರ್ಲಾ?" ಎನ್ನುತ್ತಿದ್ದಳು. ಪಾತಣ್ಣ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತ, ಎತ್ತಿನ ಗಾಡಿಗಿಂತ ನಿಧಾನಕ್ಕೆ ಟ್ರಾಕ್ಟರು ಬಿಡುತ್ತಿದ್ದ. "ಏನ್ಲೇ ಪಾತ, ಅಕ್ಕನ್ನ ಹಗ್ಗ ಹಾಕಿ ಎಳ್ಕಂಡು ಹೋಗ್ತೀಯೇನ್ಲೇ?" ಎಂದು ದಾರಿಯವರು ನಗುತ್ತಿದ್ದರು. ಈಗೀಗ ಅವಳ ಮಂಡಿ ಊದಿಕೊಳ್ಳುತ್ತಿತ್ತು. ಗಟ್ಟಿಮುಟ್ಟಾದ ಟ್ರೇಲರು ಸಿಕ್ಕರೆ ಅಕ್ಕ ಹತ್ತಿಯಾಳು ಎಂಬ ಒಂದೇ ಆಸೆಯಿಂದ ಅವನು ಹಳೆಯದನ್ನು ಗುಜರಿಗೆ ಹಾಕಿ ಬಂದಿದ್ದ.

"ಹೋಗಲಿ, ಚಾ ಕುಡೀರಿ" ಎನ್ನುತ್ತ ಸಾಬರ ಹೆಂಡತಿ ರಜಿಯಾ ಬೇಗಂ ಹಿಂದಿನ ಮನೆಯಿಂದ ಫ್ಲಾಸ್ಕು ಹಿಡಿದು ಬಂದರು. ಭಾರಿ ಆಳು, ನಾಲ್ಕು ಹೆಜ್ಜೆಗೇ ಏದುಸಿರು. ಎಲ್ಲರಿಗೂ ಚಹಾ ಬಗ್ಗಿಸಿ ಕೊಟ್ಟು, ಮೂಲೆಯಲ್ಲಿ ಬಣ್ಣಕ್ಕೆ ಮೊದಲಿನ ಕೆಂಪು ಪ್ರೈಮರ್ ಮಾತ್ರ ಬಳಿದು ನಿಲ್ಲಿಸಿದ್ದ ಟ್ರೇಲರಿನ ಕಡೆ ಹೊರಟರು.

"ಅದಿನ್ನೂ ಮುಗಿದಿಲ್ಲ" ಎಂದರು ಸಾಬರು. "ಇವತ್ತು ಅದರ ಮೊದಲ ಸುತ್ತು."

"ಎಂಥ ಸುತ್ತು?" ಕರಿಯಕ್ಕ ಕೇಳಿದಳು.

"ನನ್ನ ಕೂರಿಸಿ ಸಂತೆ ಮೈದಾನದ ತನಕ ಒಂದು ಸುತ್ತು ಹೊಡೆಸದೆ ಇವರು ಯಾವ ಟ್ರೇಲರ್‌ಗೂ ಬಣ್ಣ ಹಚ್ಚಲ್ಲ ಅಕ್ಕಾ" ಎಂದರು ರಜಿಯಾ. "ಮದುವೆ ಆದಾಗಿಂದ ಹಿಂಗೇ. ಹೆಂಡ್ತಿ ಕೂರ್ತಾಳೆ ಅಂದ್ರೆ ವೆಲ್ಡಿಂಗ್ ಗಟ್ಟಿ ಬೀಳುತ್ತೆ ನೋಡು."

"ಜಗಳ ಆದ ದಿನ ಒಂದು ಕಡೆ ಸಡ್ಲ ಬಿಡೋಣ ಅನ್ಸುತ್ತೆ" ಎಂದು ಸಾಬರು ನಕ್ಕರು.

ಕರಿಯಕ್ಕ ನಗಲಿಲ್ಲ. ಚಹಾದ ಲೋಟ ಅವಳ ಕೈಯಲ್ಲೇ ಇತ್ತು.

"ಹಂಗಾರೆ ಇದರ ಮ್ಯಾಲೆ ಇನ್ನೂ ಯಾರೂ ಕೂತಿಲ್ಲ?"

"ಇಲ್ಲ. ನಾನೇ ಮೊದಲು."

"ಹೆದರಿಕೆ ಆಗಲ್ವಾ ತಂಗೀ?"

ರಜಿಯಾ ಗಂಡನ ಕಡೆ ನೋಡಿ, ದನಿ ತಗ್ಗಿಸಿದರು. "ಯಾಕಾಗಲ್ಲ? ಪ್ರತಿ ಸಲಾನೂ ಆಗುತ್ತೆ. ಇವರಿಗೆ ಹೇಳಿಲ್ಲ ಅಷ್ಟೇ."

ಸಾಬರು ಟ್ರಾಕ್ಟರು ಹಿಂದಕ್ಕೆ ತಂದು ಕೊಂಡಿ ಸೇರಿಸಿದರು. ಪಿನ್ನು ಇಳಿದ ಸದ್ದಿಗೆ ಕರಿಯಕ್ಕನ ಕೈ ಹಳೆಯ ಪೆಟ್ಟಿನ ಭುಜಕ್ಕೆ ಹೋದದ್ದನ್ನು ಪಾತಣ್ಣ ಕಂಡ. ರಜಿಯಾ ಸ್ಟೂಲಿನ ಮೇಲೆ ಕಾಲಿಟ್ಟು, ಕಷ್ಟಪಟ್ಟು ಮೇಲೆ ಹತ್ತಿ, ಅಷ್ಟಗಲದ ಟ್ರೇಲರಿನ ಒಂದು ಪಕ್ಕಕ್ಕೆ ಒಬ್ಬರೇ ಕೂತರು. ಕೂತವರು ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡರು.

ಕರಿಯಕ್ಕ ಲೋಟವನ್ನು ತಮ್ಮನ ಕೈಗೆ ಕೊಟ್ಟಳು.

"ತಡೀರಿ ಸಾಬ್ರೇ. ಪಾಪ, ಒಬ್ಳೇ ಹೆಂಗೆ ಹೋಗ್ತಾಳೆ?"

ಪಾತಣ್ಣನ ಬಾಯಿಂದ ಮಾತು ಹೊರಡುವ ಮೊದಲೇ ಅವಳು ಸ್ಟೂಲು ಹತ್ತಿದ್ದಳು. ಮಂಡಿ ಊರಿ ಮೇಲೇರಿ, ರಜಿಯಾರಿಗೆ ಒತ್ತಿಕೊಂಡು ಕೂತು, ಒಂದು ಕೈಯಲ್ಲಿ ಪಕ್ಕದ ತಗಡನ್ನೂ ಇನ್ನೊಂದರಲ್ಲಿ ಅವರ ಕೈಯನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಟ್ರಾಕ್ಟರು ಗೇಟು ದಾಟಿ ಬೀದಿಗೆ ಇಳಿಯಿತು. ಮೊದಲ ಗುಂಡಿಗೆ ಟ್ರೇಲರು ಕುಲುಕಿದಾಗ ಇಬ್ಬರೂ ಒಟ್ಟಿಗೆ "ಅವ್ವಾ", "ಅಲ್ಲಾ" ಎಂದರು. ಎರಡನೇ ಗುಂಡಿಗೆ ರಜಿಯಾ ಕಿಸಕ್ಕನೆ ನಕ್ಕರು. ಆಮೇಲೆ ಕರಿಯಕ್ಕನ ನಗು ಕೇಳಿಸಿತು. ಅದನ್ನು ಕೇಳಿ ಪಾತಣ್ಣನಿಗೆ ಒಂದು ವರ್ಷವಾಗಿತ್ತು. ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ, ತನಗೇ ಗೊತ್ತಿಲ್ಲದ ಹಾಗೆ ಅವನು ಟ್ರೇಲರಿನ ಹಿಂದೆ ಹಿಂದೆ ನಡೆಯುತ್ತಿದ್ದ.

ಸಂತೆ ಮೈದಾನದ ತಿರುವಿನಲ್ಲಿ ಕರಿಯಕ್ಕ ತಿರುಗಿ ನೋಡಿದಳು. ತಗಡು ಬಿಟ್ಟ ಅವಳ ಅಂಗೈ ತುಂಬ ಪ್ರೈಮರಿನ ಕೆಂಪು. ಅದನ್ನೇ ಬೀಸಿ ಕೂಗಿದಳು:

"ಏನ್ಲಾ ಪಾತ, ಈ ಬಿಸಿಲಾಗೆ ಹಿಂದಿಂದೆ ನಡ್ಕಂಡು ಬರ್ತೀಯಾ? ಹತ್ತಲಾ ಮ್ಯಾಕೆ!"